ಅಪ್ಪನಿಗೆ ಅಕ್ಷರ ಸಿಗುತ್ತಿಲ್ಲ

ಕಾಚಿಗುಡಾ, ಹೈದರಾಬಾದ್
೨೨ ನವೆಂಬರ್ ೧೯೮೭, ಭಾನುವಾರ

ಪ್ರೀತಿಯ ಪ್ರಹ್ಲಾದಾ,

ಹೇಗಿದ್ದೀಯಪ್ಪಾ? ತೇಜಪುರದಲ್ಲಿ ಈಗ ಚಳಿ ಹಿಡಿದಿರಬೇಕು. ಬೂಟು ಕಚ್ಚಿ ಹಿಮ್ಮಡಿಯಲ್ಲಿ ಆಗಿದ್ದ ಹುಣ್ಣು ಒಣಗಿತೋ ಇಲ್ಲವೋ, ನೀನು ಬರೆಯಲೇ ಇಲ್ಲ. ಮಲಗುವಾಗ ಕೊಬ್ಬರಿ ಎಣ್ಣೆ ಹಚ್ಚಿಕೋ. ಸೈನ್ಯದವರು ಎಣ್ಣೆ ಹಚ್ಚಿಕೊಳ್ಳಬಾರದೆಂಬ ಕಾನೂನೇನೂ ಇರಲಾರದು. ಅಪ್ಪನನ್ನು ಹೊಡೆದಿದ್ದಾರೆಂದು ಕೆಳಗಿನ ಮನೆಯ ಶೋಭಾ ಕಳಿಸಿದ ತಾರು ನಿನಗೆ ಮುಟ್ಟಿದ್ದು ನಿನ್ನ ಉತ್ತರದ ತಾರಿನಿಂದ ತಿಳಿಯಿತು. ‘ಯಾರು?’ ಎಂಬ ಒಂದೇ ಮಾತು ಕೇಳಿದ್ದೀ. ಅಪ್ಪ ಹೇಗಿದ್ದಾರೆ ಎಂದು ಕೇಳಿಲ್ಲ, ಅಮ್ಮ ಹೇಗಿದ್ದಾಳೆ ಎಂದೂ ಇಲ್ಲ. ಆ ಒಂದು ಮಾತು ನೋಡಿ ನನಗೆ ಹೆದರಿಕೆಯಾಯಿತು. ಬೇರೆ ಯಾರಾದರೂ ಹೇಳುವ ಮೊದಲು ನಾನೇ ಎಲ್ಲವನ್ನೂ ಬರೆಯುತ್ತೇನೆ. ಒಂದು ಕಡೆ ಕೂತು ಕೊನೆಯತನಕ ಓದು. ಸಿಟ್ಟು ಮಾಡುವುದಿದ್ದರೆ ಆಮೇಲೆ ಮಾಡು.

ಅಪ್ಪ ಬದುಕಿದ್ದಾರೆ. ತಲೆಯ ಹಿಂದೆ ಎಡಕ್ಕೆ ಹೊಲಿಗೆ ಬಿದ್ದಿವೆ, ಎಡಗೈಯ ಎರಡು ಬೆರಳು ಮುರಿದಿವೆ. ಊಟ ಮಾಡುತ್ತಾರೆ, ನಡೆಯುತ್ತಾರೆ, ನನ್ನನ್ನು ಬೈಯುತ್ತಾರೆ. ಇನ್ನೂ ದವಾಖಾನೆಯಲ್ಲೇ ಇದ್ದಾರೆ. ಇಷ್ಟನ್ನು ಮೊದಲು ಮನಸ್ಸಿನಲ್ಲಿ ಇಟ್ಟುಕೊಂಡು ಮುಂದಿನದನ್ನು ಓದು.

ಹಿರಿಯ ಮಾಲೀಕರು ತೀರಿಕೊಂಡ ಮೇಲೆ ಈ ಮನೆ ಅವರ ತಮ್ಮನ ಮಗ ಹನುಮಂತರಾಯನ ಪಾಲಿಗೆ ಹೋದದ್ದು ನಿನಗೆ ಗೊತ್ತು. ಇದನ್ನು ಕೆಡವಿ ನಾಲ್ಕು ಅಂತಸ್ತಿನ ಅಪಾರ್ಟ್‌ಮೆಂಟ್ ಕಟ್ಟಬೇಕೆಂದು ಅವನು ವರ್ಷದಿಂದ ಹಿಂದೆ ಬಿದ್ದಿದ್ದ. ಹಿಂದಿನ ಭಾಗದವರು ಬಿಟ್ಟು ಹೋದರು, ಶೋಭಾಳ ಮನೆಯವರೂ ಸಂಕ್ರಾಂತಿಗೆ ಹೋಗುತ್ತೇವೆಂದು ಒಪ್ಪಿಕೊಂಡಿದ್ದರು. ಒಪ್ಪದೆ ಉಳಿದವರು ನಿನ್ನ ಅಪ್ಪ ಒಬ್ಬರೇ. ಕೋರ್ಟಿನಿಂದ ತಡೆ ತಂದು ಕೂತಿದ್ದರು. ಮನೆಯ ಮೇಲಿನ ಆಸೆಯಿಂದಲ್ಲ, ಪುಸ್ತಕಗಳಿಗಾಗಿ. ಬಾಡಿಗೆ ಮನೆ ನೋಡಲು ಹೋದಲ್ಲೆಲ್ಲ ಎಷ್ಟು ಜನ ಇದ್ದೀರಿ ಎಂದು ಕೇಳುತ್ತಿದ್ದರು. ಅಪ್ಪ ಇಬ್ಬರೇ ಎಂದು ಹೇಳಿ, ಆಮೇಲೆ ಪುಸ್ತಕದ ಮಾತು ತೆಗೆಯುತ್ತಿದ್ದರು. ಒಂದು ಮನೆಯವಳಂತೂ, ‘ಇಷ್ಟು ಭಾರ ನಮ್ಮ ಮಾಳಿಗಿ ತಡೀತದೇನ್ರಿ?’ ಎಂದು ಬಾಗಿಲು ಹಾಕಿಕೊಂಡಳು.

ನೀನು ಹೋದ ಮೇಲೆ ನಿನ್ನ ಕೋಣೆಗೂ ಪುಸ್ತಕ ಬಂದವು ಮಗಾ. ಕೋಠಿಯ ಔಷಧಿ ಅಂಗಡಿಗಳಿಂದ ಹಗುರ ಕಟ್ಟಿಗೆಯ ಪೆಟ್ಟಿಗೆ ತಂದು ಒಂದರ ಮೇಲೊಂದು ಅಡ್ಡ ಇಟ್ಟು ಗೋಡೆ ತುಂಬ ಕಪಾಟು ಮಾಡಿದ್ದರು. ಹೀಗಾಗಿ ಅವರ ಕಾದಂಬರಿಗಳೆಲ್ಲ ಕೆಮ್ಮಿನ ಔಷಧಿ ವಾಸನೆ ಹೊಡೆಯುತ್ತಿದ್ದವು. ಕೋಠಿಯ ಫುಟ್‌ಪಾತಿನಲ್ಲಿ ಕೊಂಡ ಹಳೆ ಪುಸ್ತಕಗಳ ಮೊದಲ ಹಾಳೆಯಲ್ಲಿ ಯಾರದೋ ಹೆಸರಿರುತ್ತದಲ್ಲ, ಅದನ್ನು ಅವರು ಎಂದೂ ಅಳಿಸಲಿಲ್ಲ. ಅದರ ಕೆಳಗೆ ತಮ್ಮ ಹೆಸರು ಬರೆಯುತ್ತಿದ್ದರು. ಓದುವ ಚಾಳಿಗಳಂತೂ ನಿನಗೆ ಗೊತ್ತೇ ಇವೆ. ಬಲಗೈಯಲ್ಲಿ ರೊಟ್ಟಿ, ಎಡಗೈಯಲ್ಲಿ ಪುಸ್ತಕ. ಯಾವ ಪುಸ್ತಕ ಚೆನ್ನಾಗಿದೆ ಎಂದು ತಿಳಿಯಲು ನಾನು ವಿಮರ್ಶೆ ಓದಬೇಕಾಗಿರಲಿಲ್ಲ, ಎಣ್ಣೆಯ ಕಲೆ ಎಣಿಸಿದರೆ ಸಾಕಿತ್ತು. ಕಾದಂಬರಿಯಾದರೆ ಕೊನೆಯ ಹಾಳೆ ಮೊದಲು. ‘ಯಾರು ಸಾಯ್ತಾರ ಅಂತ ಗೊತ್ತಾತಂದ್ರ ಅವರನ್ನ ಪ್ರೀತಿಲೆ ಓದಬಹುದು, ಕೃಷ್ಣಿ’ ಎನ್ನುತ್ತಿದ್ದರು. ಬೇಸಿಗೆಯಲ್ಲಿ ಒದ್ದೆ ಟವೆಲ್ ತಲೆಗೆ ಸುತ್ತಿಕೊಂಡು ಪಡಸಾಲೆಯಲ್ಲಿ ಅಡ್ಡಾಡುತ್ತ ಗಟ್ಟಿಯಾಗಿ ಓದುತ್ತಿದ್ದರು. ಹಾಲಿನವನು ಹೊಸದಾಗಿ ಬಂದಾಗ ಯಾರೊಡನೆ ಜಗಳವಾಡುತ್ತಿದ್ದಾರೆಂದು ಕೇಳಿದ್ದ. ಒಂದು ಬರೆಯಬೇಕಾದರೆ ನೂರು ಓದಬೇಕೆಂಬುದು ಅವರ ಲೆಕ್ಕ. ಏಳು ಕಾದಂಬರಿ ಬರೆದಿದ್ದಾರೆ, ಅದಕ್ಕೆ ಸರಿಯಾಗಿ ಪುಸ್ತಕ ಕೂಡಿಹಾಕಿದ್ದರು.

ಹೋದ ಗುರುವಾರದ ಆಚೆಯ ಗುರುವಾರ, ಬೆಳಗಿನ ಹೊತ್ತು. ಅಪ್ಪ ನಿನ್ನ ಕೋಣೆಯಲ್ಲಿ ಪುಸ್ತಕ ಒರೆಸುತ್ತಿದ್ದರು, ನಾನು ರೊಟ್ಟಿ ತಟ್ಟುತ್ತಿದ್ದೆ. ಮೆಟ್ಟಿಲ ಮೇಲೆ ಹೆಜ್ಜೆ ಕೇಳಿ ಶೋಭಾ ಎಂದುಕೊಂಡೆ. ಬಾಗಿಲು ಬಡಿಯಲಿಲ್ಲ, ಒದ್ದರು. ಚಿಲಕ ಕಿತ್ತು ನೆಲದ ಮೇಲೆ ಬಿತ್ತು. ಮೂವರು. ಮುಂದಿನವನ ಕೈಯಲ್ಲಿ ಕಬ್ಬಿಣದ ಸಲಾಕೆ. ‘ಬುಡ್ಢೇ, ಘರ್ ಖಾಲೀ ಕರ್’ ಎಂದ. ಅಪ್ಪ ಒರೆಸುತ್ತಿದ್ದ ಪುಸ್ತಕ ಕೈಯಲ್ಲಿ ಹಿಡಿದುಕೊಂಡೇ ಹೊರಗೆ ಬಂದು ಕೋರ್ಟಿನ ಕಾಗದದ ಬಗ್ಗೆ ಹೇಳತೊಡಗಿದರು, ಕಚೇರಿಯಲ್ಲಿ ಗುಮಾಸ್ತರಿಗೆ ಹೇಳುವ ಹಾಗೆ ನಿಧಾನವಾಗಿ. ಮಾತು ಮುಗಿಯುವ ಮೊದಲೇ ಕೈಗೆ ಪೆಟ್ಟು ಬಿತ್ತು. ಬೆರಳು ಮುರಿದ ಸದ್ದು ನನಗೆ ಅಡುಗೆಮನೆಯಲ್ಲಿ ಕೇಳಿಸಿತು, ಪ್ರಹ್ಲಾದಾ. ಒಣ ಕಡ್ಡಿ ಮುರಿದ ಹಾಗೆ. ಉಳಿದ ಇಬ್ಬರು ಒಳಗೆ ನುಗ್ಗಿ ಪೆಟ್ಟಿಗೆಗಳನ್ನು ಎಳೆದು ಬಾಲ್ಕನಿಯಿಂದ ಬೀದಿಗೆ ಎಸೆಯತೊಡಗಿದರು. ಮೇಲಿನಿಂದ ಪುಸ್ತಕ ಬೀಳುವಾಗ ಹಕ್ಕಿಯ ಹಾಗೆ ತೆರೆದುಕೊಳ್ಳುತ್ತದೆ ಎಂದು ಅಪ್ಪ ಬರೆಯಬಹುದು. ನನಗೆ ಹಾಗೆ ಅನ್ನಿಸಲಿಲ್ಲ. ಹೆಣ ಬಿದ್ದ ಹಾಗೆ ಬಿದ್ದವು. ನಮ್ಮದೇ ಸ್ಟೋವಿನ ಸೀಮೆಎಣ್ಣೆ ಡಬ್ಬಿ ತೆಗೆದುಕೊಂಡು ಒಬ್ಬ ಕೆಳಗೆ ಓಡಿದ.

ಅಪ್ಪ ಆಗಲೂ ಓಡಲಿಲ್ಲ. ಬಾಲ್ಕನಿ ಬಾಗಿಲಲ್ಲಿ ಅಡ್ಡ ನಿಂತು ಒಂದು ಪೆಟ್ಟಿಗೆಯನ್ನು ಎರಡೂ ಕೈಯಿಂದ ತಬ್ಬಿಕೊಂಡರು. ಆ ಮುರಿದ ಬೆರಳಿನಿಂದಲೇ. ‘ಇದನ್ನ ಬಿಡ್ರೋ, ಇದೊಂದ ಬಿಡ್ರೋ’ ಎನ್ನುತ್ತಿದ್ದರು. ಸಲಾಕೆಯವನು ಹಿಂದಿನಿಂದ ತಲೆಗೆ ಹೊಡೆದ. ಅವರು ಪೆಟ್ಟಿಗೆಯ ಮೇಲೆಯೇ ಕುಸಿದರು. ಅವನು ಇನ್ನೊಮ್ಮೆ ಸಲಾಕೆ ಎತ್ತಿದ. ನಾನು ಸ್ಟೋವಿನ ಮೇಲಿನ ರೊಟ್ಟಿಯ ಹಂಚು ತೆಗೆದುಕೊಂಡೆ. ಅದು ಕೆಂಪಗೆ ಕಾದಿತ್ತು ಎಂದರೆ ಸುಳ್ಳಾಗುತ್ತದೆ, ರೊಟ್ಟಿ ಬೇಯುವಷ್ಟು ಕಾದಿತ್ತು. ಮೇಲೆ ರೊಟ್ಟಿ ಇನ್ನೂ ಅಂಟಿಕೊಂಡಿತ್ತು. ಸೆರಗಿನಿಂದ ಅದರ ಹಿಡಿಕೆ ಹಿಡಿದುಕೊಂಡು ಹೋಗಿ ಅವನ ಕಿವಿಯ ಮೇಲೆ ಅಂಚಿನಿಂದ ಹೊಡೆದೆ. ಅವನ ಕೈಯಿಂದ ಸಲಾಕೆ ಜಾರಿ ಬಿತ್ತು, ಮೊಣಕಾಲೂರಿದ, ನನ್ನ ಕಡೆ ತಿರುಗಿ ನೋಡಿದ. ಚಿಕ್ಕ ಹುಡುಗ, ನಿನಗಿಂತ ಒಂದೆರಡು ವರ್ಷ ಸಣ್ಣವನಿರಬಹುದು. ಆಗ ಇನ್ನೊಮ್ಮೆ ಹೊಡೆದೆ.

ಮೊದಲನೆಯದು ಅಪ್ಪನನ್ನು ಉಳಿಸುವುದಕ್ಕೆ. ಎರಡನೆಯದು ಯಾವುದಕ್ಕೆ ಎಂದು ಇಷ್ಟು ದಿನ ಯೋಚಿಸಿದ್ದೇನೆ. ಬೆರಳು ಮುರಿದ ಆ ಸದ್ದಿಗೆ ಇರಬೇಕು. ನನ್ನ ಅಂಗೈ ಸುಟ್ಟು ಬೊಬ್ಬೆ ಎದ್ದದ್ದು ಸಂಜೆಯವರೆಗೆ ತಿಳಿಯಲೇ ಇಲ್ಲ. ಅವನ ಜೊತೆಯವನು ಇದನ್ನು ಕಂಡು ಓಡಿಹೋದ. ಕೆಳಗೆ ಬೀದಿಯಲ್ಲಿ ಪುಸ್ತಕಗಳು ಉರಿಯುತ್ತಿದ್ದವು. ಜನ ಅಂಗಡಿಯ ಮುಂದೆ ನಿಂತು ನೋಡುತ್ತಿದ್ದರು. ಒಬ್ಬಳು ಶೋಭಾ ಮಾತ್ರ ಅಂಗಳದ ನೀರಿನ ಹೌದಿನಿಂದ ಕೊಡ ಕೊಡ ನೀರು ತಂದು ಸುರಿದಳು. ಅರ್ಧ ಪುಸ್ತಕ ಬೆಂಕಿಗೆ ಹೋದವು, ಅರ್ಧ ನೀರಿಗೆ ಹೋದವು. ಉಳಿದವನ್ನು ಆಕೆ ಸೀರೆಯಲ್ಲಿ ಕಟ್ಟಿ ತನ್ನ ಮನೆಯಲ್ಲಿ ಒಣಗಿಸಲು ಹರವಿದ್ದಾಳೆ. ಅವಳ ಮಕ್ಕಳು ಈಗ ಅಡುಗೆಮನೆಯಲ್ಲಿ ಮಲಗುತ್ತವೆ.

ಅಪ್ಪನಿಗೆ ಎರಡನೆಯ ದಿನ ಪೂರ್ತಿ ಎಚ್ಚರವಾಯಿತು. ನನ್ನನ್ನು ಗುರುತಿಸಿದರು, ನಿನ್ನ ಹೆಸರು ಹೇಳಿದರು, ಕಾಫಿ ಕೇಳಿದರು. ದೇವರು ದೊಡ್ಡವನು ಎಂದುಕೊಂಡೆ. ಪಕ್ಕದ ಹಾಸಿಗೆಯವರ ಕನ್ನಡ ಪತ್ರಿಕೆ ತಂದುಕೊಟ್ಟೆ. ಕನ್ನಡಕ ಹಾಕಿಕೊಂಡು ಬಹಳ ಹೊತ್ತು ನೋಡಿದರು. ಆಮೇಲೆ, ‘ಇದ್ಯಾವ ಭಾಷಾದ್ದು ತಂದೀ?’ ಎಂದರು. ನಗೆಚಾಟಿಕೆ ಎಂದುಕೊಂಡು ನಾನು ನಕ್ಕೆ. ಅವರು ನಗಲಿಲ್ಲ. ಅವರದೇ ಕಾದಂಬರಿ ತಂದುಕೊಟ್ಟೆ. ಮುಖಪುಟದ ಚಿತ್ರ ಗುರುತಿಸಿದರು, ಹೆಸರು ಓದಲಿಲ್ಲ. ಇಂಗ್ಲಿಷೂ ಇಲ್ಲ, ಮರಾಠಿಯೂ ಇಲ್ಲ. ಡಾಕ್ಟರರು ಪೆನ್ನು ಕೊಟ್ಟು ಹೆಸರು ಬರೆಯಿರಿ ಎಂದಾಗ ಅವರು ಎಂದಿನ ಓಟದಲ್ಲಿ ‘ದತ್ತಾತ್ರೇಯ’ ಎಂದು ಬರೆದರು. ಈಗ ಇದನ್ನು ಓದಿ ಎಂದರೆ ಹಾಳೆಯನ್ನು ತಿರುಗಿಸಿ ತಿರುಗಿಸಿ ನೋಡಿದರು. ಡಾಕ್ಟರರು ನನ್ನನ್ನು ಹೊರಗೆ ಕರೆದು ಹೇಳಿದರು, ಕಣ್ಣು ಸರಿಯಿದೆ, ಮಾತು ಸರಿಯಿದೆ, ಬರೆಯುವ ಕೈಯೂ ಸರಿಯಿದೆ, ಕಂಡ ಅಕ್ಷರ ಅರ್ಥವಾಗುವ ಜಾಗಕ್ಕೆ ಹೋಗುವ ದಾರಿ ಮಾತ್ರ ಕೆಟ್ಟಿದೆ ಎಂದು. ಮರಳಿ ಬರಬಹುದೇ ಎಂದು ಕೇಳಿದೆ. ಈಗಲೇ ಹೇಳಲಾಗದು ಎಂದು ಮುಂದಿನ ವಾರ್ಡಿಗೆ ನಡೆದರು.

ಅವತ್ತು ಮಧ್ಯಾಹ್ನ ಅಪ್ಪ ನೀರಿನ ಹೂಜಿ ಗೋಡೆಗೆ ಎಸೆದರು. ತಲೆಯ ಹೊಲಿಗೆಯನ್ನು ಉಗುರಿನಿಂದ ಕಿತ್ತುಕೊಂಡರು, ದಿಂಬೆಲ್ಲ ರಕ್ತ. ಇಬ್ಬರು ಆಯಾಗಳು ಮತ್ತು ನಾನು ಸೇರಿ ಅವರನ್ನು ಅದುಮಿ ಹಿಡಿಯಬೇಕಾಯಿತು. ‘ಕೊಂದಿದ್ರ ಛಲೋ ಇತ್ತು, ಇದನ್ಯಾಕ ಮಾಡಿದ್ರು’ ಎಂದು ಕೂಗುತ್ತಿದ್ದರು. ನಾನು ಮದುವೆಯಾಗಿ ಬಂದ ಮೇಲೆ ಅವರು ಅತ್ತದ್ದನ್ನು ಕಂಡಿರಲಿಲ್ಲ. ನನಗೂ ಬೇರೇನು ಮಾಡಲು ತೋಚದೆ, ಮರುದಿನ ಶೋಭಾಳ ಮನೆಯಿಂದ ಒಂದು ಸುಟ್ಟ ಪುಸ್ತಕ ತಂದು ಹಾಸಿಗೆಯ ಪಕ್ಕ ಕೂತು ಓದತೊಡಗಿದೆ. ಬಲಗಡೆಯ ಅಂಚೆಲ್ಲ ಕರಕಲು. ಪ್ರತಿ ಸಾಲಿನ ಕೊನೆಗೆ ಒಂದೆರಡು ಮಾತು ಇಲ್ಲ. ನಾನು ಅಲ್ಲಿಯತನಕ ಓದಿ ನಿಲ್ಲುತ್ತಿದ್ದೆ. ಮೊದಲೆರಡು ಹಾಳೆ ಅವರು ಗೋಡೆಗೆ ಮುಖ ಮಾಡಿ ಮಲಗಿದ್ದರು. ಮೂರನೆಯ ಹಾಳೆಯಲ್ಲಿ ನಾನು ನಿಂತಲ್ಲಿ ಗೋಡೆಯ ಕಡೆಯಿಂದಲೇ ಉಳಿದ ಮಾತು ಬಂತು. ಆಮೇಲೆ ಪ್ರತಿ ಸಾಲಿಗೂ ಬಂತು. ಇಪ್ಪತ್ತು ವರ್ಷದ ಹಿಂದೆ ಓದಿದ ಪುಸ್ತಕ. ಎಲ್ಲೋ ಒಂದು ಕಡೆ ತಪ್ಪಿದಾಗ, ‘ಇಲ್ಲ, ತಡಿ, ಅಲ್ಲೆ ಮಳಿ ಅಲ್ಲ, ಮಂಜು’ ಎಂದು ತಾವೇ ತಿದ್ದಿಕೊಂಡರು.

ನಾನು ಓದುವುದನ್ನು ಕೇಳಲು ಒಬ್ಬ ಹೆಂಗಸು ಬರತೊಡಗಿದಳು. ಶಿವದೇವಿ ಎಂದು ಹೆಸರು. ಬಸವಕಲ್ಯಾಣದ ಕಡೆಯವಳು, ಸನತ್‌ನಗರದ ಕಾರ್ಖಾನೆಯೊಂದರಲ್ಲಿ ಕಸ ಗುಡಿಸುತ್ತಾಳೆ. ಮಗ ಮೇಲಿನ ವಾರ್ಡಿನಲ್ಲಿ ಇದ್ದಾನೆ, ಒಳಗೆ ಬಿಡುವುದಿಲ್ಲ, ಹೊತ್ತು ಹೋಗುವುದಿಲ್ಲ ಎಂದು ನೆಲದ ಮೇಲೆ ಕೂತು ಸೆರಗು ಬಾಯಿಗಿಟ್ಟುಕೊಂಡು ಕೇಳುತ್ತಿದ್ದಳು. ‘ನಮ್ಮ ಮಾತು ಕೇಳಿ ಭಾಳ ವರ್ಷ ಆಗಿತ್ತ ನೋಡ್ರಿ ಅಮ್ಮಾ, ಇಲ್ಲಿ ತೆಲುಗು ಆಡಿ ಆಡಿ ನಾಲಿಗಿ ಜಿಡ್ಡ ಹಿಡದದ’ ಎನ್ನುತ್ತಿದ್ದಳು. ನನಗೆ ಶೋಭಾಳ ಮನೆಯಿಂದ ಬರುವ ಡಬ್ಬಿಯಲ್ಲಿ ಅವಳಿಗೂ ಒಂದು ರೊಟ್ಟಿ ಕೊಡುತ್ತಿದ್ದೆ. ಮೂರನೆಯ ದಿನ ಮಗನಿಗೆ ಏನಾಗಿದೆ ಎಂದು ಕೇಳಿದೆ. ‘ಎಚ್ಚರಾನ ಇಲ್ರಿ. ಕಾರ್ಖಾನಿ ಮುಚ್ಚಿದ ಮ್ಯಾಲೆ ಯಾರ್ಯಾರದೋ ಸಂಗಟ ತಿರಗ್ತಿದ್ದ. ಯಾವಾಕಿನೋ ಒಬ್ಬಾಕಿ ಮುದುಕಿ ಕಾದ ಹಂಚಿಲೆ ತಲಿ ಒಡದಾಳಂತ. ಹೊಡ್ಯಾಕ ಕೈ ಹೆಂಗ ಬಂತ್ರಿ ಆಕಿಗಿ?’ ಎಂದಳು. ಮಗನ ಹೆಸರು ವೆಂಕಟೇಶ.

ನನ್ನ ಕೈಯಲ್ಲಿ ಪುಸ್ತಕವಿತ್ತು. ಅಪ್ಪ ಮಂಚದಿಂದ ನನ್ನ ಮುಂಗೈ ಒತ್ತಿ ಹಿಡಿದರು, ಹೇಳಬೇಡ ಎಂದು. ಅವಳು ನನ್ನ ರೊಟ್ಟಿ ಮುರಿಯುತ್ತಿದ್ದಳು. ಸುಮ್ಮನಿದ್ದರೆ ನಾಳೆಯೂ ಬಂದು ಕೂರುತ್ತಾಳೆ, ನಾನು ಓದುತ್ತೇನೆ, ಅವಳು ಕೇಳುತ್ತಾಳೆ. ಅದು ನನ್ನಿಂದ ಆಗಲಿಲ್ಲ. ಅಂಗೈಯ ಪಟ್ಟಿ ತೋರಿಸಿ, ‘ಆಕಿ ನಾನ ನೋಡವ್ವಾ. ಇವರ ತಲಿ ಒಡದಾಂವ ನಿನ್ನ ಮಗ’ ಎಂದೆ. ಅವಳು ಅಪ್ಪನ ತಲೆಯ ಪಟ್ಟಿ ನೋಡಿದಳು. ಆಮೇಲೆ ನನ್ನ ಕೂದಲು ಹಿಡಿದು ಎಳೆದು ನೆಲಕ್ಕೆ ಕೆಡವಿದಳು. ಮುಖಕ್ಕೆ ಹೊಡೆದಳು, ಪರಚಿದಳು, ಭುಜ ಕಚ್ಚಿದಳು. ನಾನು ಕೈ ಎತ್ತಲಿಲ್ಲ. ಜನ ಬಂದು ಬಿಡಿಸಿದರು. ಅವಳನ್ನು ಎಳೆದುಕೊಂಡು ಹೋಗುವಾಗ, ‘ನನ್ನ ಕೂಸಿಗಿ ಕೊಂದು ನನಗ ರೊಟ್ಟಿ ತಿನಸ್ತಿದ್ದಿಯೇನ!’ ಎಂದು ಕೂಗಿದ್ದು ಇಡೀ ವಾರ್ಡಿಗೆ ಕೇಳಿಸಿತು. ಭುಜದ ಗಾಯ ಮಾಗುತ್ತಿದೆ. ಅವಳ ಮೇಲೆ ನನಗೆ ಸಿಟ್ಟಿಲ್ಲ. ನಿನಗೆ ಯಾರಾದರೂ ಹಾಗೆ ಮಾಡಿದ್ದರೆ ನಾನು ಬರೇ ಕಚ್ಚಿ ಬಿಡುತ್ತಿರಲಿಲ್ಲ.

ಹನುಮಂತರಾಯ ಊರಲ್ಲಿಲ್ಲವಂತೆ. ಆ ಹುಡುಗರು ಯಾರೋ ತನಗೆ ಗೊತ್ತೇ ಇಲ್ಲವೆಂದು ವಕೀಲರ ಕಡೆಯಿಂದ ಹೇಳಿಸಿದ್ದಾನೆ. ಓಡಿಹೋದವನು ಮಾತ್ರ ಮನೆಯವರು ಹೊಡೆದರೆಂದಷ್ಟೇ ಠಾಣೆಯಲ್ಲಿ ಬರೆಸಿದ್ದಾನೆ, ಹೊಡೆದದ್ದು ಯಾರು ಎಂದು ಬರೆಸಿಲ್ಲ. ನಿನ್ನೆ ಅಪ್ಪ ಹಾಳೆ ಕೇಳಿದರು. ಇಂಗ್ಲಿಷಿನಲ್ಲಿ ಒಂದೂವರೆ ಪುಟ ಬರೆದು ನನ್ನ ಕೈಗಿಟ್ಟು, ‘ತಪ್ಪು ಅದಾವೇನು ಓದಿ ನೋಡು, ನನಗ ತಿಳಿಯೂದಿಲ್ಲ. ನಾಳೆ ಠಾಣಾಕ್ಕ ಮುಟ್ಟಿಸಿಬಿಡು’ ಎಂದರು. ನಾನು ಮೆಟ್ರಿಕ್ ಇಂಗ್ಲಿಷಿನಲ್ಲಿ ತಡೆದು ತಡೆದು ಓದಿ ಹೇಳಿದೆ. ಹಂಚು ಎತ್ತಿದ್ದು ತಾನು, ಹೊಡೆದದ್ದು ತಾನು, ಒಂದೇ ಪೆಟ್ಟು, ಜೀವ ಉಳಿಸಿಕೊಳ್ಳಲು. ಹೆಂಡತಿ ಅಡುಗೆಮನೆಯ ಮೂಲೆಯಲ್ಲಿ ಅಳುತ್ತ ಕೂತಿದ್ದಳು, ಏನನ್ನೂ ನೋಡಲಿಲ್ಲ. ಚೆನ್ನಾಗಿ ಬರೆದಿದ್ದರು. ಕಥೆಗಾರರಲ್ಲವೇ. ಒಂದು ಕಡೆ ಒಂದೇ ಮಾತು ಎರಡು ಸಲ ಬಿದ್ದಿತ್ತು, ಅದನ್ನು ಹೊಡೆದು ಹಾಕಿದೆ. ಕಾಗದ ನನ್ನ ಚೀಲದಲ್ಲಿದೆ.

ನಿನಗೆ ರಜೆ ಸಿಕ್ಕರೆ ಬಾ. ಆದರೆ ‘ಯಾರು’ ಎಂದು ಕೇಳಿಕೊಂಡು ಬರಬೇಡ. ಹನುಮಂತರಾಯನ ಮನೆಯ ಬಾಗಿಲಿಗೆ ನೀನು ಹೋದೆಯೆಂದು ನನ್ನ ಕಿವಿಗೆ ಬೀಳಬಾರದು. ಈ ಮನೆಯಿಂದ ಒಬ್ಬರು ಕೈ ಎತ್ತಿದ್ದು ಸಾಕು. ಮೈಗೆ ಉಣ್ಣೆಯದೇ ಹಾಕು, ಹೊತ್ತಿಗೆ ಊಟ ಮಾಡು. ಶೋಭಾ ನಿನ್ನನ್ನು ನೆನೆಸಿದ್ದಾಳೆ, ಅಪ್ಪ ದಿನಕ್ಕೆರಡು ಸಲ ನಿನ್ನ ಹೆಸರು ಎತ್ತುತ್ತಾರೆ. ಗುರುರಾಯರು ನಿನ್ನ ಬೆನ್ನಿಗಿರಲಿ, ನನ್ನ ಕೈ ನಿನ್ನ ತಲೆಯ ಮೇಲಿರಲಿ.

ಇತಿ,
ನಿನ್ನ ಅಮ್ಮ
ಕೃಷ್ಣಾಬಾಯಿ

ತಾ.ಕ.: ಸೋಮವಾರ ಬೆಳಿಗ್ಗೆ. ಲಕೋಟೆ ಅಂಟಿಸಿರಲಿಲ್ಲ, ಒಳ್ಳೆಯದಾಯಿತು. ವೆಂಕಟೇಶ ಬೆಳಗಿನ ಜಾವ ತೀರಿಕೊಂಡ. ಶಿವದೇವಿ ದವಾಖಾನೆಯ ಗೇಟಿನಲ್ಲಿ ಕೂತಿದ್ದಾಳೆ, ಈ ಸಲ ನನ್ನನ್ನು ನೋಡಿಯೂ ಏಳಲಿಲ್ಲ. ಕಾನ್‌ಸ್ಟೇಬಲ್ ಬಂದು ವಾರ್ಡಿನ ಹೊರಗೆ ನಿಂತಿದ್ದಾನೆ, ಸೀರೆ ಬದಲಿಸಿ ಬರುತ್ತೇನೆಂದು ಹೇಳಿ ಇದನ್ನು ಬರೆಯುತ್ತಿದ್ದೇನೆ. ಅಪ್ಪ ಬರೆದದ್ದನ್ನು ಹರಿದು ಹಾಕಿದೆ. ನಾನು ಕನ್ನಡದಲ್ಲಿ ಬೇರೆ ಬರೆದಿದ್ದೇನೆ, ಎರಡೂ ಪೆಟ್ಟು ಬರೆದಿದ್ದೇನೆ. ಒಂದೇ ಎಂದು ಬರೆಯಿರಿ, ಬಿಡುಗಡೆಯಾಗುತ್ತದೆ ಎಂದು ನಮ್ಮ ವಕೀಲರು ಕೈ ಮುಗಿದು ಹೇಳಿದರು. ಏಳು ಕಾದಂಬರಿಗಳಲ್ಲಿ ನಿನ್ನ ಅಪ್ಪ ನನ್ನನ್ನು ಮೂಲೆಯಲ್ಲಿ ಕೂರಿಸಿ ಅಳಿಸಿದ್ದಾರೆ, ನಾನು ಏನೂ ಅನ್ನಲಿಲ್ಲ. ಇದು ಮಾತ್ರ ನಡೆದ ಹಾಗೆ ಇರಲಿ. ಅವರಿಗೆ ಇದು ಗೊತ್ತಿಲ್ಲ, ತಮ್ಮ ಕಾಗದ ಮುಟ್ಟಿತೆಂದೇ ತಿಳಿದು ತಮ್ಮನ್ನು ಕರೆದೊಯ್ಯಲು ಬರುತ್ತಾರೆಂದು ಗಡ್ಡ ಮಾಡಿಸಿಕೊಂಡು ಕೂತಿದ್ದಾರೆ. ನೀನು ಬೇಗ ಬಾ, ಶೋಭಾ ಎಷ್ಟೆಂದು ನೋಡಿಯಾಳು. ಅಮ್ಮ ಎಲ್ಲಿ ಎಂದು ಕೇಳಿದರೆ ರಾಯಚೂರಿನ ತವರಿಗೆ ಹೋಗಿದ್ದಾಳೆ ಎನ್ನು. ನಂಬುವುದಿಲ್ಲ, ಮತ್ತೆ ಮತ್ತೆ ಕೇಳುತ್ತಾರೆ. ಆಗ ಯಾವುದಾದರೂ ಪುಸ್ತಕ ತೆಗೆದು ಗಟ್ಟಿಯಾಗಿ ಓದತೊಡಗು. ಸುಮ್ಮನಾಗುತ್ತಾರೆ.